ದುಡಿಯ ಪೆಟ್ಟು ಉಳಿಯಬೇಕಾದರೆ

ಹುತ್ತರಿ ಕಳೆದ ಮೇಲೆ ಮಡಿಕೇರಿಯ ನಮ್ಮ ಮನೆಯ ಕೋಣೆಯಲ್ಲಿ ದುಡಿ, ಗಿಟಾರ್ ಮತ್ತು ಬೇಸ್ ಸೇರಿಸಿ ನಾಲ್ಕು ಹಾಡುಗಳನ್ನು ಧ್ವನಿಮುದ್ರಿಸಿದೆವು. ವಾದ್ಯಗಳ ಧ್ವನಿಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗ್ ಮುಗಿದಾಗ ಕೈಯಲ್ಲಿದ್ದ ಹಣವೂ ಮುಗಿಯುತ್ತ ಬಂದಿದ್ದರಿಂದ, ಬೆರೆಸಿದ ಹಾಡನ್ನು ಬಿಡುಗಡೆಗೆ ಕೊನೆಯದಾಗಿ ಸಿದ್ಧಪಡಿಸುವ ಮಾಸ್ಟರಿಂಗನ್ನು ನಾನೇ ಮಾಡುತ್ತೇನೆಂದು ಗೆಳೆಯರಿಗೆ ಹೇಳಿದೆ.

ನಮ್ಮ ಹಾಡು ಬೇರೆಯವರ ಹಾಡುಗಳ ಪಕ್ಕದಲ್ಲಿ ಸಣ್ಣಗೆ ಕೇಳಿಸಬಾರದೆಂಬ ಆತಂಕದಿಂದ ಸದ್ದಿನ ಏರುಗಳನ್ನು ಒತ್ತಿಹಿಡಿಯುವ ಲಿಮಿಟರ್ ಹಾಕಿ ಮಟ್ಟವನ್ನು, ಹಾಡಿನ ಒಟ್ಟು ಜೋರನ್ನು ಅಳೆಯುವ ಮಾನದಲ್ಲಿ (ಸೊನ್ನೆಗೆ ಹತ್ತಿರವಾದಷ್ಟೂ ಜೋರು), ಮೈನಸ್ 8 ಎಲ್‌ಯುಎಫ್‌ಎಸ್‌ವರೆಗೆ ಏರಿಸಿದೆ. ಸ್ಪಾಟಿಫೈ ತನ್ನ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಹಾಡುಗಳನ್ನು ಮೈನಸ್ 14ರ ಆಸುಪಾಸಿಗೆ ಹೊಂದಿಸಿಯೇ ಕೇಳಿಸುವುದರಿಂದ, ನಾನು ಏರಿಸಿದ್ದರಲ್ಲಿ ಸುಮಾರು 6 ಡೆಸಿಬಲ್ ಅಲ್ಲಿ ಇಳಿಯಿತು. ಆದರೆ ಲಿಮಿಟರ್ ಸವೆಸಿದ್ದು ಮರಳಲಿಲ್ಲ. ದುಡಿಯ ಜೀವವಿರುವುದು ಕೋಲು ಚರ್ಮಕ್ಕೆ ತಾಗುವ ಕ್ಷಣದ ಚುರುಕಿನಲ್ಲಿ. ಅದೇ ಹೋಗಿತ್ತು.

ಕೊನೆಗೆ ಬೆಂಗಳೂರಿನ ಮಾಸ್ಟರಿಂಗ್ ಎಂಜಿನಿಯರ್ ಒಬ್ಬರಿಗೆ ಮಿಕ್ಸ್ ಕಳುಹಿಸಿದಾಗ ಅವರು ಕೆಲಸ ಆರಂಭಿಸದೆ, ಬೇಸ್ ಅತಿಯಾಗಿದೆ, ಮಿಕ್ಸ್‌ನಲ್ಲೇ ಸರಿಪಡಿಸಿ ಎಂದು ಹಿಂದಿರುಗಿಸಿದರು. ಮೊದಲು ಬೇಸರವಾಯಿತು, ಆಮೇಲೆ ಕಾರಣ ತಿಳಿಯಿತು. ನಮ್ಮ ಕೋಣೆಯ ಉದ್ದ ಸುಮಾರು 3.4 ಮೀಟರ್, ಅಂಥ ಕೋಣೆಯಲ್ಲಿ ಎದುರುಬದುರು ಗೋಡೆಗಳ ನಡುವೆ 50 ಹರ್ಟ್ಸ್‌ನ ಸ್ಥಾಯಿ ಅಲೆ ನಿಲ್ಲುತ್ತದೆ, ಮತ್ತು ಸರಿಯಾಗಿ ನಡುವೆ ಕುರ್ಚಿ ಹಾಕಿ ಕುಳಿತವನಿಗೆ ಆ ತಗ್ಗಿನ ಬೇಸ್ ಸ್ವರ ಬಹುತೇಕ ಕೇಳಿಸುವುದೇ ಇಲ್ಲ. ಕೇಳಿಸದ್ದನ್ನು ನಾನು ಹೆಚ್ಚಿಸುತ್ತಲೇ ಹೋಗಿದ್ದೆ. ಅದೇ ಕೋಣೆಯಲ್ಲಿ, ಅದೇ ಕಿವಿಯಿಂದ ಮಾಸ್ಟರಿಂಗ್ ಮಾಡಿದರೆ ಅದೇ ತಪ್ಪು ಎರಡನೆಯ ಬಾರಿಯೂ ಒಳಗೇ ಉಳಿಯುತ್ತದೆ. ಕಡತ ಹಾಕಿದ ಕೆಲವೇ ನಿಮಿಷಗಳಲ್ಲಿ ಮಾಸ್ಟರ್ ಮಾಡಿಕೊಡುವ ಅಂತರ್ಜಾಲ ಸೇವೆಗಳು ಅಗ್ಗವೇನೋ ಹೌದು, ಆದರೆ ಮಿಕ್ಸ್ ತಿದ್ದಿ ತನ್ನಿ ಎಂದು ಅವು ನಮ್ಮಂಥವರನ್ನು ತಡೆಯುತ್ತವೆಂದು ನನಗೆ ನಂಬಿಕೆಯಿಲ್ಲ.

ಹಾಗೆಂದು ಪ್ರತಿಯೊಂದು ಹಾಡಿಗೂ ನುರಿತವರಿಂದ ಮಾಸ್ಟರಿಂಗ್ ಮಾಡಿಸುವ ವೆಚ್ಚ ಅನಿವಾರ್ಯವೆಂದು ನಾನು ಹೇಳಲಾರೆ. ಒಂದೇ ಹಾಡನ್ನು ಅಂತರ್ಜಾಲದಲ್ಲಿ ಬಿಡುವವರು ಆ ಹಣವನ್ನು ಮೊದಲು ಕೋಣೆಗೆ, ಮೈಕಿಗೆ, ಮಿಕ್ಸಿಂಗ್‌ಗೆ ಹಾಕುವುದು ಮೇಲು. ಮಳೆಗಾಲದಲ್ಲಿ ಹೆಂಚಿನ ಮೇಲೆ ಬೀಳುವ ಮಳೆಯ ಸದ್ದು ಹಾಡಿನೊಳಗೆ ಸೇರಿಬಿಟ್ಟರೆ ಯಾವ ಮಾಸ್ಟರಿಂಗೂ ಅದನ್ನು ಪೂರ್ತಿ ತೆಗೆಯಲಾರದು. ಬೇರೆ ಬೇರೆ ತಿಂಗಳುಗಳಲ್ಲಿ ಮುದ್ರಿಸಿದ ಹಾಡುಗಳನ್ನು ಒಂದು ಆಲ್ಬಮ್ ಆಗಿ ಹೊಂದಿಸುವಾಗ ಅಥವಾ ವಿನೈಲ್ ತಟ್ಟೆಗೆ ಸಿದ್ಧಪಡಿಸುವಾಗ ಮಾತ್ರ ನುರಿತವರನ್ನು ಬಿಟ್ಟು ಮುಂದುವರಿಯಬಾರದು.

ನಮ್ಮ ಎರಡನೆಯ ಮಿಕ್ಸನ್ನು, ಲಿಮಿಟರ್ ತೆಗೆದು, 24 ಬಿಟ್ ವೇವ್ ಕಡತವಾಗಿ ಕಳುಹಿಸಿದೆವು. ಹಿಂದಿರುಗಿ ಬಂದ ಹಾಡು ಮೀಟರಿನಲ್ಲಿ ನನ್ನದಕ್ಕಿಂತ 4 ಡೆಸಿಬಲ್ ಕಡಿಮೆಯಿತ್ತು. ಫೋನಿನಲ್ಲಿ ಎರಡನ್ನೂ ಒಂದೇ ಮಟ್ಟಕ್ಕೆ ತಂದು ಕೇಳಿಸಿದಾಗ, ದುಡಿ ಬಾರಿಸಿದ ಗೆಳೆಯ ಮೊದಲ ಪೆಟ್ಟಿಗೇ ಯಾವುದು ತನ್ನದೆಂದು ಗುರುತಿಸಿದ.