ಕಟ್ಟೆಯ ಮೇಲೆ ಹೆಸರು ಬರೆಸುವ ಮೊದಲು

ಆಡುತ್ತಿದ್ದ ಮಗು ಹೃದಯ ನಿಂತು ಕಬಡ್ಡಿ ಅಂಕಣದಲ್ಲೇ ತೀರಿಹೋದರೆ ಊರಿಗೆ ಊರೇ ಮರುಗುತ್ತದೆ. ಆ ಹೆಸರಿನಲ್ಲಿ ಏನಾದರೂ ಆಗಬೇಕೆಂದು ಓಣಿಯವರು ರೊಕ್ಕ ಕೂಡಿಸುತ್ತಾರೆ: ಶಾಲೆಯ ಬಯಲಿಗೆ ಕಲ್ಲಿನ ಕಟ್ಟೆ, ಪಂದ್ಯಕ್ಕೆ ಢಾಲು, ಪುಣ್ಯತಿಥಿಗೆ ದಾಸೋಹ. ಮಾಡಲಿ. ಆದರೆ ಬಾಗಲಕೋಟೆ, ವಿಜಯಪುರದ ಕಡೆ ಇಂಥ ಕೆಲಸಕ್ಕೆ ಕೈಹಾಕುವವರಲ್ಲಿ ನಮ್ಮದೊಂದು ವಿನಂತಿ. ಅದೇ ಬಯಲಿನಲ್ಲಿ ಇನ್ನೊಂದು ಮಗು ಬಿದ್ದರೆ ತಕ್ಷಣ ಎದೆ ಒತ್ತುವ ಕೈಗಳು, ಹೃದಯಕ್ಕೆ ಶಾಕ್ ಕೊಡಲು ಮೂರು ನಿಮಿಷದೊಳಗೆ ಬರುವ ಯಂತ್ರ, ಇವೆರಡು ಮೊದಲು ಆಗಲಿ.

ಅದಕ್ಕೂ ಮುಂಚೆ ಹೋಗಬೇಕಾದದ್ದು ಆ ಮಗುವಿನ ಮನೆಗೆ. ಹೃದಯದ ಗೋಡೆ ದಪ್ಪವಾಗುವ ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ, ಲಯ ತಪ್ಪಿಸುವ ಲಾಂಗ್ ಕ್ಯೂಟಿ ಮುಂತಾದವು ಹೆಚ್ಚಾಗಿ ವಂಶದಲ್ಲಿ ಇಳಿದು ಬರುವಂಥವು. ತಂದೆ ತಾಯಿಯಲ್ಲಿ ಒಬ್ಬರಿಂದ ಬಂದಿದ್ದರೆ ಒಡಹುಟ್ಟಿದ ಪ್ರತಿಯೊಬ್ಬರಿಗೂ ಅದು ಇರುವ ಸಾಧ್ಯತೆ ಅರ್ಧಕ್ಕರ್ಧ. ಹಾಗಾಗಿ ತಂದೆ, ತಾಯಿ, ಅಣ್ಣತಮ್ಮ, ಅಕ್ಕತಂಗಿಯರಿಗೆಲ್ಲ ಹೃದಯದ ಬಡಿತವನ್ನು ಗೆರೆಯಲ್ಲಿ ತೋರಿಸುವ ಇಸಿಜಿ, ಹೃದಯದ ಸ್ಕ್ಯಾನ್ ಆದ ಎಕೋ ಆಗಲೇಬೇಕು. ದುಃಖದ ಮನೆಯಲ್ಲಿ ಈ ಮಾತು ತೆಗೆಯುವುದು ಕಷ್ಟ. ಮಕ್ಕಳ ಸೋದರಮಾವನೋ, ಮನೆಗೆ ಬೇಕಾದ ಮಾಸ್ತರರೋ ಹೇಳಲಿ, ಹೃದ್ರೋಗ ತಜ್ಞರ ಬಳಿಗೆ ಜೊತೆಗೇ ಹೋಗಿಬರಲಿ. ಮರಣೋತ್ತರ ಪರೀಕ್ಷೆ ಆಗಿದ್ದರೆ ಆ ಕಾಗದ ಒಯ್ಯುವುದನ್ನು ಮರೆಯಬೇಡಿ.

ನಮ್ಮ ಕಡೆ ಸೋದರಿಕೆಯ ಮದುವೆ ಹೆಚ್ಚು. ಅಂಥಲ್ಲಿ ಒಂದೇ ದೋಷ ಇಬ್ಬರಿಂದಲೂ ಮಗುವಿಗೆ ಕೂಡಿಬರಬಹುದು. ಹುಟ್ಟು ಕಿವುಡಿನ ಜೊತೆಗೇ ಲಾಂಗ್ ಕ್ಯೂಟಿ ಬರುವ ಜರ್ವೆಲ್ ಲ್ಯಾಂಗ್ ನೀಲ್ಸನ್ ಸಿಂಡ್ರೋಮ್ ಹಾಗೆ ಬರುವಂಥದ್ದು. ವಿರಳ ನಿಜ, ಆದರೆ ಕಿವಿ ಕೇಳದ ಮಗು ಓಡುವಾಗಲೋ ಬೆದರಿದಾಗಲೋ ಎಚ್ಚರ ತಪ್ಪಿ ಬಿದ್ದರೆ ಅದನ್ನು ‘ಫಿಟ್ಸ್’ ಅಂದುಕೊಂಡು ಸುಮ್ಮನಾಗುವ ಅಪಾಯವಿದೆ. ತಪಾಸಣೆಗೆಂದು ರೊಕ್ಕ ಕೂಡಿದ್ದರೆ ಇಸಿಜಿ ಯಂತ್ರವನ್ನು ಮೊದಲು ಕಿವುಡು ಮಕ್ಕಳ ಶಾಲೆಗೆ ಒಯ್ಯಿರಿ.

ಸಾವಿರ ಮಕ್ಕಳಿಗೆ ಒಂದೇ ದಿನ ಇಸಿಜಿ ತೆಗೆಯುವ ಶಿಬಿರ ನಮಗೆ ಒಪ್ಪಿಗೆಯಿಲ್ಲ. ಮಕ್ಕಳಲ್ಲಿ ಸಹಜವಾದ ಗೆರೆಯೇ ದೊಡ್ಡವರ ಇಸಿಜಿಯಲ್ಲಿ ರೋಗದಂತೆ ಕಾಣುತ್ತದೆ. ಓದಲು ಬಲ್ಲವರಿಲ್ಲದಿದ್ದರೆ ಮನೆಮನೆಗೆ ಹೆದರಿಕೆಯಷ್ಟೇ ಹಂಚಿದಂತಾಗುತ್ತದೆ. ಮೊದಲು ಮೂರು ಪ್ರಶ್ನೆ ಕೇಳಿ. ಆಟದ ನಡುವೆ ಎಚ್ಚರ ತಪ್ಪಿದ್ದುಂಟೆ? ಓಡುವಾಗ ಎದೆ ನೋಯುತ್ತದೆಯೆ? ಮನೆತನದಲ್ಲಿ 50 ವರ್ಷದೊಳಗೆ ಯಾರಾದರೂ ಇದ್ದಕ್ಕಿದ್ದಂತೆ ತೀರಿಕೊಂಡಿದ್ದಾರೆಯೆ? ಈಜು ಬಲ್ಲವರಾಗಿದ್ದೂ ಬಾವಿಯಲ್ಲಿ ಹೋದವರನ್ನೂ ಇದರಲ್ಲಿ ಹಿಡಿಯಿರಿ. ‘ಹೌದು’ ಎಂದವರಿಗೆ ಇಸಿಜಿ, ಎಕೋ ಎರಡೂ ಆಗಲಿ, ಅದರ ಖರ್ಚು ಮೊದಲೇ ಎತ್ತಿಡಿ.

ಇನ್ನು ಬಯಲು. ಬಿದ್ದ ಮಗು ಕೂಗಿದರೆ ಓಗೊಡುತ್ತಿಲ್ಲ, ಉಸಿರಿಲ್ಲ ಅಥವಾ ಗೊರಗೊರ ಎಂದು ತಡೆತಡೆದು ಎಳೆಯುತ್ತಿದೆ ಎಂದರೆ ಹೃದಯ ನಿಂತಿದೆ ಎಂದೇ ತಿಳಿಯಿರಿ. ಮೊದಲ ಗಳಿಗೆಯಲ್ಲಿ ಕೈಕಾಲು ಸೆಟೆದು ನಡುಗಬಹುದು. ಎಡವುವುದು ಇಲ್ಲೇ: ಕೈಗೆ ಕಬ್ಬಿಣ ಕೊಡುತ್ತಾರೆ, ಮೂಗಿಗೆ ಉಳ್ಳಾಗಡ್ಡಿ ಹಿಡಿಯುತ್ತಾರೆ, ಬಾಯಿಗೆ ನೀರು ಹಾಕುತ್ತಾರೆ. ಎದೆ ಒತ್ತದೆ, ಶಾಕ್ ಕೊಡದೆ ಕಳೆವ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತದೆ. ಒಬ್ಬರು 108ಕ್ಕೆ ಫೋನ್ ಹಚ್ಚಿ ಸ್ಪೀಕರಿನಲ್ಲಿಡಲಿ, ಒಬ್ಬರು ಒತ್ತಲಿ, ಒಬ್ಬರು ಯಂತ್ರಕ್ಕೆ ಓಡಲಿ.

12 ವರ್ಷದಿಂದ ಮೇಲಿನ ಮಕ್ಕಳಿಗೆ ವರ್ಷಕ್ಕೆ 2 ಗಂಟೆ ಸಿಪಿಆರ್, ಅಂದರೆ ಎದೆ ಒತ್ತಿ ಜೀವ ಉಳಿಸುವುದನ್ನು, ಕಲಿಸಬೇಕೆಂಬ ಕರೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಅನುಮೋದಿಸಿದೆ. ಐದು ಮಕ್ಕಳಿಗೊಂದು ಬೊಂಬೆ ಇದ್ದರೆ ಒಳ್ಳೆಯದು. ಸಾಲದಿದ್ದರೆ ಒಂದು ಲೀಟರಿನ ಖಾಲಿ ಬಾಟಲಿಗೆ ಮುಚ್ಚಳ ಬಿಗಿದು, ಬಟ್ಟೆ ಸುತ್ತಿ, ಹಳೆಯ ಅಂಗಿಯೊಳಗಿಟ್ಟು ನೆಲದ ಮೇಲೆ ಒತ್ತಿಸಿ. ಎದೆಯ ನಡುವಿನ ಎಲುಬಿನ ಕೆಳ ಅರ್ಧದ ಮೇಲೆ ಅಂಗೈ ಬುಡ, ಸುಮಾರು 5 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ. ಮೊಣಕೈ ಮಡಚಿದರೆ ತೋಳು ಸೋಲುತ್ತದೆ, ಆಳ ಸಿಗುವುದಿಲ್ಲ. ಒತ್ತಿದ ಮೇಲೆ ಎದೆ ಪೂರ್ತಿ ಮೇಲೇಳಲು ಬಿಡದಿದ್ದರೆ ಹೃದಯಕ್ಕೆ ರಕ್ತ ತುಂಬುವುದಿಲ್ಲ. ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಬೇಕು. ‘ನನಗೇನೂ ದಣಿವಿಲ್ಲ’ ಎನ್ನುವವರ ಒತ್ತೂ ಅಷ್ಟೊತ್ತಿಗೆ ಮೇಲುಮೇಲಾಗಿರುತ್ತದೆ.

ಓಡಿ ತರಬೇಕಾದ ಆ ಶಾಕ್ ಯಂತ್ರದ ಹೆಸರು ಎಇಡಿ. ಶಾಕ್ ಬೇಕೋ ಬೇಡವೋ ಅದೇ ನಿರ್ಧರಿಸುತ್ತದೆ, ಹೆದರಬೇಕಿಲ್ಲ. ಬಹಳಷ್ಟು ಯಂತ್ರಗಳು ಇಂಗ್ಲಿಷಿನಲ್ಲೇ ಮಾತಾಡುತ್ತವೆ. ಕೊಳ್ಳುವಾಗ ಕನ್ನಡ ಇದೆಯೇ ಕೇಳಿ, ಇಲ್ಲದಿದ್ದರೆ ಆ ಸೂಚನೆಗಳನ್ನು ಕನ್ನಡದಲ್ಲಿ ಬರೆದು ಪೆಟ್ಟಿಗೆಯೊಳಗೆ ಅಂಟಿಸಿ. ಹೆಡ್‌ಮಾಸ್ತರರ ಕೋಣೆಯಲ್ಲಿ ಕೀಲಿ ಹಾಕಿಟ್ಟರೆ ಭಾನುವಾರದ ಪಂದ್ಯಕ್ಕೆ ಅದು ಇಲ್ಲದಂತೆಯೇ. ನಮ್ಮ ಬೇಸಿಗೆಯೂ ಸಣ್ಣದಲ್ಲ: ತಗಡಿನ ಕೋಣೆಯಲ್ಲಿ, ನಿಲ್ಲಿಸಿದ ಕಾರಿನಲ್ಲಿ 50 ಡಿಗ್ರಿ ದಾಟಿದರೆ ಶಾಕ್ ಕೊಡಲು ಮೈಗೆ ಹಚ್ಚುವ ಪ್ಯಾಡಿನ ಅಂಟು ಒಣಗುತ್ತದೆ, ಬ್ಯಾಟರಿ ಕೆಡುತ್ತದೆ. ಗಾಳಿಯಾಡುವ ನೆರಳಿನ ಪಡಸಾಲೆಯೇ ವಾಸಿ.

ಪೆಟ್ಟಿಗೆಯಲ್ಲಿ ಕತ್ತರಿ, ಎರಡು ಒಣ ಟವೆಲ್ ಬೇಕೇ ಬೇಕು. ಕುಸ್ತಿ ಕಣದಲ್ಲಿ ಮೈಗೆ ಎಣ್ಣೆ ಬೆರೆತ ಕೆಮ್ಮಣ್ಣು ಹತ್ತಿರುತ್ತದೆ. ಉಜ್ಜಿ ಒರೆಸದಿದ್ದರೆ ಪ್ಯಾಡ್ ಹಿಡಿಯುವುದಿಲ್ಲ. ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ ಇದ್ದರೆ ಬಿಚ್ಚಲು ಹೊತ್ತು ಕಳೆಯಬೇಡಿ, ಭುಜದಾಚೆ ಸರಿಸಿ. ಪ್ಯಾಡಿನ ಕೆಳಗೆ ಲೋಹ ಬರಬಾರದು ಅಷ್ಟೇ. ಒಂದು ಪ್ಯಾಡ್ ಬಲಗಡೆ ಕಾಲರ್ ಎಲುಬಿನ ಕೆಳಗೆ, ಇನ್ನೊಂದು ಎಡ ಕಂಕುಳಿನ ಕೆಳಗೆ ಪಕ್ಕೆಗೆ. 8 ವರ್ಷದೊಳಗಿನ ಮಗುವಿಗೆ ಸಣ್ಣ ಪ್ಯಾಡ್ ಇಲ್ಲದಿದ್ದರೆ ದೊಡ್ಡದನ್ನೇ ಎದೆಗೊಂದು, ಬೆನ್ನಿಗೊಂದು ಹಚ್ಚಿ.

ಮಗುವಿನ ಹೆಸರನ್ನು ಆ ಪೆಟ್ಟಿಗೆಯ ಮೇಲೆ ಬರೆಸಿ. ಮುಚ್ಚಳದ ಒಳಗಡೆ ಪ್ಯಾಡ್, ಬ್ಯಾಟರಿಗಳ ಅವಧಿ ಮುಗಿಯುವ ತಿಂಗಳು ಇರಲಿ. ಸೋಮವಾರದ ಪ್ರಾರ್ಥನೆ ಮುಗಿದ ಮೇಲೆ ಇಬ್ಬರು ಮಕ್ಕಳು ಯಂತ್ರ ಸಜ್ಜಾಗಿದೆ ಎನ್ನುವ ಹಸಿರು ದೀಪ ನೋಡಿ ವಹಿಯಲ್ಲಿ ಸಹಿ ಹಾಕಲಿ. ಹೊಸ ಪ್ಯಾಡಿನ ರೊಕ್ಕವನ್ನು ಮೊದಲ ದಿನವೇ ಬೇರೆ ಇಡಿ, ಮುಂದೆ ಯಾರೂ ಪಟ್ಟಿ ಎತ್ತುವುದಿಲ್ಲ. ಅವಧಿ ಮುಗಿದ ಪ್ಯಾಡ್ ಎಸೆಯಬೇಡಿ. ಮಣ್ಣು ಒರೆಸಿ, ಕರಡಿಗೆ ಸರಿಸಿ, ಪ್ಯಾಡ್ ಹಚ್ಚುವುದನ್ನು ಮಕ್ಕಳು ಬೊಂಬೆಯ ಮೇಲೆ ಅದರಲ್ಲೇ ಕಲಿಯುತ್ತಾರೆ.