ನಿರ್ದೇಶಕನ ಜಾಗದಿಂದ ನಿಮ್ಮನ್ನ ತೆಗೆದುಹಾಕಿದ ನಾಟಕ ತಂಡದಲ್ಲೇ ಲೈಟ್ ನೋಡ್ಕೊತೀರಲ್ಲ, ಬೇಜಾರಾಗಲ್ವಾ?

ಗೋಪಿ ಸರ್ಕಲ್‌ನಲ್ಲಿ ಸಿಕ್ಕವರು, ಮದುವೆ ಊಟಕ್ಕೆ ಪಕ್ಕದಲ್ಲಿ ಕೂತವರು, ನನ್ನ ಸ್ವಂತ ಭಾವ, ಎಲ್ಲರದ್ದೂ ಇದೇ ಪ್ರಶ್ನೆ. ಕೆಲವರು ಪಾಪ ಅಂತ ಕೇಳುತ್ತಾರೆ, ಕೆಲವರಿಗೆ ಸುಮ್ನೆ ಒಂದು ಜಗಳದ ಕಥೆ ಬೇಕು. ಒಬ್ಬೊಬ್ಬರಿಗೆ ಒಂದೊಂದು ಹೇಳಿ ನನಗೇ ಗೊಂದಲವಾಗಿದೆ. ಅದಕ್ಕೆ ಇಲ್ಲಿ ಬರೆದುಬಿಡುತ್ತೇನೆ.

ಗೊತ್ತಿಲ್ಲದವರಿಗೆ ಹೇಳುವುದಾದರೆ, ಶಿವಮೊಗ್ಗದ ಒಂದು ಹವ್ಯಾಸಿ ತಂಡಕ್ಕೆ ನಾನು 11 ವರ್ಷ ನಾಟಕ ಮಾಡಿಸಿದೆ. ಬ್ಯಾಂಕಿನವರು, ಮೇಷ್ಟ್ರುಗಳು, ಮೆಡಿಕಲ್ ಶಾಪಿನವನೊಬ್ಬ, ತೀರ್ಥಹಳ್ಳಿ ಕಡೆಯ ಇಬ್ಬರು ಅಡಿಕೆ ತೋಟದವರು. ಸಂಜೆ 7ಕ್ಕೆ ಶಾಲೆಯೊಂದರ ಕೋಣೆಯಲ್ಲಿ ತಾಲೀಮು, ವರ್ಷಕ್ಕೊಮ್ಮೆ ಕುವೆಂಪು ರಂಗಮಂದಿರದಲ್ಲಿ ಪ್ರದರ್ಶನ. ಸಂಬಳ ಗಿಂಬಳ ಯಾರಿಗೂ ಇಲ್ಲ. ಹಾಗಾಗಿ ನನ್ನನ್ನು ತೆಗೆದಾಗ ಹೋಗಿದ್ದು ಕೆಲಸವಲ್ಲ, ಕುರ್ಚಿ. ಅದು ಇನ್ನೂ ಜಾಸ್ತಿ ಉರಿಯುತ್ತದೆ, ಹೇಳಿಬಿಡುತ್ತೇನೆ.

ತಪ್ಪು ನನ್ನದೂ ಇತ್ತು. ಒಂದು ವರ್ಷ ಪ್ರದರ್ಶನವನ್ನು ಸರಿಯಾಗಿ ಅಡಿಕೆ ಕೊಯ್ಲಿನ ಹೊತ್ತಿಗೇ ಇಟ್ಟುಕೊಂಡೆ. ಮಲೆನಾಡಲ್ಲಿ ಇದಕ್ಕಿಂತ ದಡ್ಡತನ ಇನ್ನೊಂದಿಲ್ಲ. ಕೊನೆ (ಅಡಿಕೆ ಗೊನೆ) ತೆಗೆಯುವವರು ಸಿಕ್ಕ ದಿನವೇ ಕೊಯ್ಲು. ಆಮೇಲೆ ಸುಲಿಯಬೇಕು, ಬೇಯಿಸಬೇಕು, ಒಣಗಿಸಬೇಕು, ನಮ್ಮ ನಾಟಕ ಮುಗಿಯಲಿ ಅಂತ ಹಸಿ ಅಡಿಕೆ ಕಾಯುತ್ತಾ ಕೂರುವುದಿಲ್ಲ. ತೋಟದವರಿಬ್ಬರೂ ನಾಲ್ಕು ದಿನ ಬರಲಿಲ್ಲ. ಐದನೇ ದಿನ ಒಬ್ಬ ಬಂದ. ಸುಲಿದು ಸುಲಿದು ಬೆರಳೆಲ್ಲ ಕಪ್ಪಾಗಿತ್ತು. ಅದನ್ನು ನೋಡಿಯೂ ಎಲ್ಲರ ಮುಂದೆ ‘ನಿಂಗೆ ನಾಟಕ ಬೇಕೋ ಅಡಿಕೆ ಬೇಕೋ’ ಅಂತ ಕೂಗಿದೆ. ಅವನು ಸ್ಕ್ರಿಪ್ಟ್ ಮಡಚಿ ಬೆಂಚಿನ ಮೇಲಿಟ್ಟು, ‘ಅಡಿಕೆ ಬೇಕು ಸಾರ್’ ಅಂದ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಮುಂದಿನ ಮಳೆಗಾಲದಲ್ಲಿ ಸಭೆ ಕರೆದರು. ಕಾಫಿ, ಬೋಂಡ, ಆಮೇಲೆ ‘ನಿಮಗೂ ಸ್ವಲ್ಪ ರೆಸ್ಟ್ ಆಗ್ಲಿ ಸಾರ್’. ಹೆಗ್ಗೋಡಿನಲ್ಲಿ ರಂಗಶಿಕ್ಷಣ ಮುಗಿಸಿ ಬಂದ ಹುಡುಗಿಯೊಬ್ಬಳು ಈ ಸಲ ನಿರ್ದೇಶಕಿ, ನಾನು ‘ಮಾರ್ಗದರ್ಶಕ’ ಅಂತೆ. ಬದುಕಿದ್ದಾಗಲೇ ಫೋಟೋಗೆ ಹಾರ ಹಾಕಿದ ಹಾಗಿತ್ತು. ಎರಡು ತಿಂಗಳು ಆ ಶಾಲೆಯ ರಸ್ತೆಗೇ ಹೋಗಲಿಲ್ಲ. ನಾಟಕ ಕೆಟ್ಟುಹೋಗಲಿ ಅಂತ ಮನಸ್ಸಿನಲ್ಲೇ ಹಾರೈಸಿದ್ದೂ ಉಂಟು.

ಅವಳು ಒಂದು ದಿನ ಮನೆಗೇ ಬಂದಳು, ಛತ್ರಿಯಿಂದ ನೀರು ಸುರಿಸುತ್ತಾ. ನಾನು ಹಿಂದೆ ಮಾಡಿಸಿದ್ದ ನಾಟಕವನ್ನೇ ಅವರು ಮತ್ತೆ ಎತ್ತಿಕೊಂಡಿದ್ದರು, ನನ್ನ ಪ್ರತಿ ಬೇಕಿತ್ತು. ಪುಟದ ಅಂಚಿನಲ್ಲೆಲ್ಲ ಪೆನ್ಸಿಲ್ ಗುರುತು: ಬಾಣ, ಅಡ್ಡಗೆರೆ, ಯಾರು ಯಾವ ಕಡೆಯಿಂದ ಬರಬೇಕು ಅಂತ. ಒಂದು ಕಡೆ ಬೆರಳಿಟ್ಟು, ‘ಇಷ್ಟು ದೊಡ್ಡ ಮಾತನ್ನ ಮೂಲೆಯಲ್ಲಿ ನಿಂತು ಯಾಕೆ ಹೇಳ್ತಾರೆ ಸಾರ್?’ ಅಂದಳು. ಏನೋ ಗಂಭೀರವಾದ ಕಾರಣ ಹೇಳಬೇಕು ಅಂತ ಬಾಯಿ ತೆರೆದೆ. ನಿಜ ನೆನಪಾಯಿತು. ಆಗ ಆ ಪಾತ್ರ ಮಾಡುತ್ತಿದ್ದವನ ದನಿ ಸಣ್ಣದು, ಆ ಮೂಲೆಯ ಮೈಕ್ ಒಂದೇ ಸರಿಯಾಗಿ ಕೆಲಸ ಮಾಡುತ್ತಿತ್ತು, ಅಷ್ಟೇ. ಅವನು ತಂಡ ಬಿಟ್ಟೇ ಆರು ವರ್ಷವಾಗಿತ್ತು. ಅವಳು ಚೀಲದಿಂದ ರಬ್ಬರ್ ತೆಗೆದು, ನನ್ನೆದುರಿಗೇ ಆ ಗುರುತು ಅಳಿಸಿದಳು. ಸ್ವಲ್ಪ ಚುರುಕ್ ಅಂತು. ಆದರೆ ಅಳಿಸಬೇಕಾದದ್ದೇ ಅಲ್ವಾ?

ಇನ್ನೊಂದು ವಿಷಯ. ಹೊಸಬರು ಬಂದಾಗಲೆಲ್ಲ ನಾನು ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂ ಬಗ್ಗೆ ಭಾಷಣ ಬಿಗಿಯುತ್ತಿದ್ದೆ. 1949ರಲ್ಲಿ ಹೆಗ್ಗೋಡಿನಂಥ ಹಳ್ಳಿಯಲ್ಲಿ ಶುರುವಾಯಿತು, ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು, 1985ರಿಂದ ಊರೂರು ಸುತ್ತಿ ನಾಟಕ ಆಡುವ ‘ತಿರುಗಾಟ’ ನಡೀತಿದೆ, ಪಾತ್ರ ಮಾಡಿದವರೇ ನಾಟಕ ಮುಗಿದ ಮೇಲೆ ಸೆಟ್ ಬಿಚ್ಚಿ ಗಾಡಿಗೆ ತುಂಬುತ್ತಾರೆ, ಕಲೀರಿ ಅಂತ. ಹೇಳಿದ್ದೇ ಹೇಳಿದ್ದು. 11 ವರ್ಷದಲ್ಲಿ ನಾನು ಒಂದು ವೈರ್ ಸುತ್ತಿದವನಲ್ಲ.

ಲೈಟ್ ನೋಡಿಕೊಳ್ಳುತ್ತಿದ್ದವನಿಗೆ ದಾವಣಗೆರೆಗೆ ವರ್ಗವಾಯಿತು. ಫೋನ್ ಬಂದಾಗ ಯೋಚಿಸದೆ ಹೂಂ ಅಂದೆ, ಆಮೇಲೆ ರಾತ್ರಿಯೆಲ್ಲ ಯೋಚಿಸಿದೆ. ಬೆಳಕು ಏರಿಸಿ ಇಳಿಸುವ ಡಿಮ್ಮರ್ ಅಭ್ಯಾಸವಾಗಲು ಒಂದು ವಾರ ಬೇಕಾಯಿತು. ಬೆರಳು ಚೂರು ಜಾಸ್ತಿ ಸರಿದರೂ ಅರಮನೆಗೆ ಮಧ್ಯರಾತ್ರಿಯಲ್ಲಿ ಬೆಳಗಾಗಿಬಿಡುತ್ತದೆ. ಪ್ರದರ್ಶನದ ದಿನ, ‘ಅಡಿಕೆ ಬೇಕು’ ಅಂದಿದ್ದನಲ್ಲ, ಅವನ ದೃಶ್ಯ ಬಂತು. ಕೊನೆಯ ಮಾತನ್ನು ಅವನು ತಲೆ ತಗ್ಗಿಸಿಯೇ ಹೇಳುತ್ತಾನೆ. ‘ತಲೆ ಎತ್ತೋ, ಮುಖ ಕಾಣಲ್ಲ’ ಅಂತ ವರ್ಷಗಟ್ಟಲೆ ಬೈದಿದ್ದೆ. ಈ ಹುಡುಗಿ ಬೈದಿರಲಿಲ್ಲ, ಹಾಗೇ ಬಿಟ್ಟಿದ್ದಳು. ಹಿಂದೆ ಕತ್ತಲಲ್ಲಿ ಕೂತು ನಾನು ನಿಧಾನ ಬೆಳಕು ಇಳಿಸುತ್ತಾ ಹೋದೆ, ಕೊನೆಗೆ ಅವನ ಕುತ್ತಿಗೆಯ ಹಿಂಭಾಗವಷ್ಟೇ ಕಾಣುತ್ತಿತ್ತು. ಪ್ರೇಕ್ಷಕರಲ್ಲಿ ಒಬ್ಬರೂ ಕೆಮ್ಮಲಿಲ್ಲ.

ಬೇಜಾರಾಗಲ್ವಾ ಅಂದ್ರೆ, ಆಗುತ್ತೆ. ನಾಟಕ ಶುರುವಾಗುವ ಮೂರನೇ ಬೆಲ್ ಹೊಡೆದಾಗ ಆಗುತ್ತೆ. ಅಷ್ಟರಲ್ಲಿ ಬೆಳಕು ಬದಲಿಸುವ ಮೊದಲ ಕ್ಯೂ ಬಂದುಬಿಡುತ್ತದೆ, ಕೈ ಬಿಡುವಿರುವುದಿಲ್ಲ.

ಈ ಸಲ ಪ್ರದರ್ಶನ ಮಾರ್ಚ್‌ನಲ್ಲಿ, ಕೊಯ್ಲೆಲ್ಲ ಮುಗಿದ ಮೇಲೆ. ದಿನ ಗೊತ್ತು ಮಾಡುವ ಮುಂಚೆ ಅವಳು ಫೋನ್ ಮಾಡಿದ್ದು ತೋಟದವರಿಗೆ, ನನಗಲ್ಲ. ಕರಪತ್ರದಲ್ಲಿ ಹೆಸರಿನ ಮುಂದೆ ‘ಮಾರ್ಗದರ್ಶನ’ ಬೇಡ, ‘ಬೆಳಕು’ ಅಂತ ಹಾಕಿ ಅಂದಿದ್ದೇನೆ. ಪ್ರೆಸ್ಸಿನವರು ಹೋದ ವರ್ಷದ ಹಾಗೆ ‘ಬಳಕು’ ಮಾಡದಿದ್ದರೆ ಸಾಕು.