ಚೀಲದ ತೂಕ ಕಳೀಬೇಕಾ ಅಕ್ಕಾ?

ವಿಯೆಟ್ನಾಂ ಟಿಕೆಟ್ ಬುಕ್ ಮಾಡೋವಾಗ್ಲೇ ನಾನೂ ನನ್ನ ಮೂಡಿಗೆರೆ ಗೆಳತಿನೂ ಒಂದು ವಿಷ್ಯ ಗಟ್ಟಿ ಮಾಡ್ಕೊಂಡಿದ್ವಿ, ಚೆಕ್-ಇನ್ ಬ್ಯಾಗಿಗೆ ಒಂದ್ರೂಪಾಯಿನೂ ಕಟ್ಟಲ್ಲ, ಬೆನ್ನ ಮೇಲೆ ಎಷ್ಟು ಹೋಗತ್ತೋ ಅಷ್ಟೇ. ಕಡಿಮೆ ರೇಟಿನ ವಿಮಾನಗಳಲ್ಲಿ ಜೊತೆಗೆ ಇಟ್ಕೊಳ್ಳೋ ಬ್ಯಾಗಿಗೆ ಸಾಮಾನ್ಯವಾಗಿ 7 ಕೆಜಿ ಮಿತಿ, ಅದಕ್ಕಿಂತ ಜಾಸ್ತಿ ಆದ್ರೆ ಕೌಂಟರಲ್ಲೇ ದುಡ್ಡು ಕಟ್ಟಿಸ್ಕೊಳ್ತಾರೆ, ಆ ದುಡ್ಡಲ್ಲಿ ಅಲ್ಲಿ ಹಾಸ್ಟೆಲ್ಲಲ್ಲಿ ಇನ್ನೂ ಒಂದೆರಡು ರಾತ್ರಿ ಉಳ್ಕೋಬೋದು. ಅದೂ ಅಲ್ದೆ ನಾವು ಒಂದೇ ಊರಲ್ಲಿ ಕೂರೋರಲ್ಲ, ಹನೋಯಿಂದ ರೈಲಲ್ಲಿ ಕೆಳಗೆ ಡಾ ನಾಂಗ್, ಅಲ್ಲಿಂದ ಹೋಯ್ ಆನ್ ಅಂತೆಲ್ಲ ಪ್ಲಾನ್ ಇತ್ತು.

ಮನೇಲಿ ಇದನ್ನ ಹೇಳಿದಾಗ ಅಮ್ಮ ನಂಬ್ಲೇ ಇಲ್ಲ. ನಮ್ಮನೆ ಆಲ್ದೂರು ಹತ್ರ, ಇಲ್ಲಿಂದ ಧರ್ಮಸ್ಥಳಕ್ಕೆ ಹೋಗಿ ಅವತ್ತೇ ವಾಪಸ್ ಬರೋದಾದ್ರೂ ಮೂರು ಬ್ಯಾಗ್ ಕಾರಿಗೆ ಹತ್ತತ್ವೆ, ಒಂದ್ರಲ್ಲಿ ಬರೀ ತಿಂಡಿ. "ಹೊರದೇಶಕ್ಕೆ ಹೋಗೋಳು ಸ್ಕೂಲ್ ಬ್ಯಾಗ್ ಹಾಕ್ಕೊಂಡು ಹೋಗ್ತಾಳಂತೆ ನೋಡಿ" ಅಂತ ಅಪ್ಪನ ಹತ್ರ ದೂರು ಕೊಟ್ಲು. ಅಪ್ಪ ಪೇಪರಿಂದ ತಲೆ ಎತ್ತದೇನೇ, "ಬಾಬಾ ಬುಡನ್ ಯೆಮೆನ್‌ನಿಂದ ಬರೀ ಏಳು ಬೀಜ ತಂದು ಇಡೀ ಜಿಲ್ಲೆಗೆ ಕಾಫಿ ಕೊಟ್ರು ಅಂತಾರೆ, ಇವ್ಳಿಗೆ ಏಳು ಕೆಜಿ ಸಾಲಲ್ವಾ?" ಅಂದ್ರು. ಅಮ್ಮ ಅದಕ್ಕೆ ಉತ್ತರ ಕೊಡ್ಲಿಲ್ಲ, ಒಳಗೆ ಹೋಗಿ ಬೀರು ಬಾಗಿಲು ತೆಗೆದ್ಲು, ಮಂಚದ ಮೇಲೆ ಸ್ವೆಟರ್ ಬಂದು ಬಿತ್ತು.

ಪ್ಯಾಕಿಂಗ್ ಬಗ್ಗೆ ವಿಡಿಯೋ ನೋಡಿದ್ರೆ ಎಲ್ಲರೂ ಬಟ್ಟೆನ ಮಡಚಬೇಕಾ ಸುತ್ತಬೇಕಾ, ಯಾವ ಜಿಪ್ ಪೌಚ್ ತಗೋಬೇಕು ಅನ್ನೋದನ್ನೇ ಹೇಳ್ತಾರೆ. ಸುತ್ತಿದ್ರೆ ಜಾಗ ಉಳಿಯತ್ತೆ ಸರಿ, ತೂಕ ಎಲ್ಲಿ ಉಳಿಯತ್ತೆ? ತೂಕ ಇಳೀಬೇಕು ಅಂದ್ರೆ ಬಟ್ಟೆ ಕಮ್ಮಿ ಆಗ್ಬೇಕು, ಬಟ್ಟೆ ಕಮ್ಮಿ ಆಗ್ಬೇಕು ಅಂದ್ರೆ ರಾತ್ರಿ ರಾತ್ರಿ ಒಗೀಬೇಕು, ರಾತ್ರಿ ಒಗೆದಿದ್ದು ಬೆಳಿಗ್ಗೆಗೆ ಒಣಗ್ಬೇಕು, ಅಷ್ಟೇ ಲೆಕ್ಕ. ಈ ಲೆಕ್ಕನ ಮಲೆನಾಡಿನವರಿಗೆ ಯಾರೂ ಹೇಳ್ಕೊಡೋದು ಬೇಡ. ಪುನರ್ವಸು ಮಳೆ ಹಿಡಿದ್ರೆ ನಮ್ಮ ಕಡೆ ಜೀನ್ಸ್ ಪ್ಯಾಂಟ್ ಒಗೆಯೋದೇ ಒಂದು ಸಾಹಸ, ದಿನಗಟ್ಲೆ ಹಗ್ಗದ ಮೇಲೆ ನೇತಾಡಿ ಕೊನೆಗೆ ಬಚ್ಚಲೊಲೆ ಮೇಲೆ ಹೋಗಿ ಹೊಗೆ ವಾಸನೆ ಹತ್ತಿಸ್ಕೊಂಡು ಬರತ್ತೆ. ಮಗು ಇರೋ ಮನೇಲಂತೂ ಕೆಂಡದ ಮೇಲೆ ಮಕ್ಕರಿ ಬೋರಲು ಹಾಕಿ ಅದ್ರ ಮೇಲೆ ಬಟ್ಟೆ ಹರಡೋರು.

ನಾವು ಹೊರಡೋದು ಆಗಸ್ಟ್ ಕೊನೆಗೆ. ಹನೋಯಲ್ಲಿ ಆಗ ಸೆಕೆನೂ ಜೋರು ಮಳೆನೂ ಜೋರು, ಹಂಗಾಗಿ ಜುಲೈ ತಿಂಗಳ ನಮ್ಮನೆ ಜಗಲಿಗಿಂತ ಒಳ್ಳೆ ಪರೀಕ್ಷೆ ಯಾವುದಿದೆ ಹೇಳಿ. ಕೊಂಡೊಯ್ಯೋಣ ಅನ್ಕೊಂಡ ಬಟ್ಟೆ ಎಲ್ಲಾ ಸಾಯಂಕಾಲ ಒಗೆದು ಜಗಲಿ ಹಗ್ಗಕ್ಕೆ ಹಾಕೋದು, ಬೆಳಿಗ್ಗೆ ಎದ್ದು ಹೊಲಿಗೆ ಹತ್ರ ಹಿಸುಕಿ ನೋಡೋದು. ಮೈ ಭಾಗ ಒಣಗಿದಂಗೆ ಕಾಣತ್ತೆ, ಆದ್ರೆ ಸೊಂಟದ ಪಟ್ಟಿ, ಕಂಕುಳು, ಜೇಬಿನ ಒಳಗಡೆ, ಅಲ್ಲಿ ತೇವ ಕೂತಿರತ್ತೆ. ಹತ್ತಿ ಕುರ್ತಾಗಳು ಎಲ್ಲಾ ಫೇಲ್. ಹತ್ತಿ ನೀರು ಕುಡಿಯೋ ಬಟ್ಟೆ, ಪಾಲಿಯೆಸ್ಟರ್, ನೈಲಾನ್ ನೀರನ್ನ ಒಳಗೆ ಎಳ್ಕೊಳ್ಳೋದೇ ಇಲ್ಲ ಅನ್ನೋಷ್ಟು ಕಮ್ಮಿ, ಅದಕ್ಕೇ ಕಾಲೇಜಲ್ಲಿ ಥ್ರೋಬಾಲ್ ಆಡೋವಾಗ ಕೊಟ್ಟಿದ್ದ ಹಳೇ ಜರ್ಸಿ ಫಸ್ಟ್ ಕ್ಲಾಸಲ್ಲಿ ಪಾಸಾಯ್ತು. ಜೀನ್ಸ್ ಹೆಸರೇ ಎತ್ಲಿಲ್ಲ. ವಿಡಿಯೋದವರು ಮೆರಿನೋ ಉಣ್ಣೆ ಟೀ ಶರ್ಟ್ ತಗೊಳ್ಳಿ ವಾಸನೆ ಬರಲ್ಲ ಅಂತಾರೆ, ಬರಲ್ವೇನೋ, ಆದ್ರೆ ಒಂದು ಟೀ ಶರ್ಟಿಗೆ ಅಷ್ಟು ಸಾವಿರ ಕೊಟ್ಟು ಅದನ್ನ ಹಾಸ್ಟೆಲ್ ಹಗ್ಗದ ಮೇಲೆ ಬಿಟ್ಟು ನಂಗೆ ನಿದ್ದೆ ಬರಲ್ಲ.

ಇನ್ನೊಂದು ವಿದ್ಯೆ ಅಮ್ಮಂದೇ. ಹಿಂಡಿದ ಬಟ್ಟೆನ ಒಣಗಿದ ತೆಳು ಟವಲ್ ಮೇಲೆ ಹರಡಿ, ಎರಡೂ ಸೇರಿಸಿ ಚಾಪೆ ಸುತ್ತಿದಂಗೆ ಸುತ್ತಿ, ಒಂದು ತುದಿ ಅವಳು ಇನ್ನೊಂದು ತುದಿ ನಾನು ಹಿಡ್ಕೊಂಡು ತಿರುಚೋದು. ಬಿಚ್ಚಿದಾಗ ಟವಲ್ ಪೂರ್ತಿ ಒದ್ದೆ, ಬಟ್ಟೆ ಅರ್ಧ ಒಣಗಿರತ್ತೆ, ಆಮೇಲೆ ಹಗ್ಗಕ್ಕೆ ಹಾಕಿದ್ರೆ ಫ್ಯಾನ್ ಗಾಳಿಗೇ ಬೆಳಗಾಗೋದ್ರಲ್ಲಿ ಮುಗಿಯತ್ತೆ. ಅದಕ್ಕೆ ಅಂಗಡಿಯ ದಪ್ಪ ಟರ್ಕಿ ಟವಲ್ ಬೇಡವೇ ಬೇಡ, ಅಪ್ಪ ಹೆಗಲ ಮೇಲೆ ಹಾಕ್ಕೊಂಡು ತೋಟಕ್ಕೆ ಹೋಗೋ ತೆಳು ಟವಲ್ಲೇ ಸರಿ.

ಹೊರಡೋಕೆ ಮುಂಚಿನ ಭಾನುವಾರ ತೂಕ ನೋಡೋಣ ಅಂತ ಆಯ್ತು. ಆಮೇಲೆ ಕೌಂಟರಲ್ಲಿ ಯಾರಿಗೆ ಬೇಕು ಟೆನ್ಶನ್. ನಮ್ಮ ಗೋಡೌನಲ್ಲಿ ಕಾಫಿ ಹಣ್ಣು ತೂಗೋ ನೇತಾಕೋ ತಕ್ಕಡಿ ಇದೆ, ಗಡಿಯಾರದ ತರ ಮುಖ, ಕೆಳಗೆ ಕೊಕ್ಕೆ, ಕೊಯ್ಲು ಟೈಮಲ್ಲಿ ಸಾಯಂಕಾಲ ಆಳುಗಳ ಚೀಲ ಒಂದೊಂದಾಗಿ ಅದಕ್ಕೆ ಏರೋದು. ತೋಟದ ಲೆಕ್ಕ ಬರೆಯೋ ರೈಟ್ರು ಅವತ್ತು ಯಾವುದೋ ಸ್ಪ್ರೇ ಲೆಕ್ಕಕ್ಕೆ ಅಂತ ಬಂದಿದ್ರು, ನನ್ನ ಬ್ಯಾಗ್ ನೋಡಿದ್ದೇ ತಡ ಕೆಲಸ ಬಿಟ್ಟು ಎದ್ದು ಬಂದ್ರು. ತಕ್ಕಡಿ ಧೂಳು ಒರೆಸಿ, ಮುಳ್ಳು ಸೊನ್ನೆಗೆ ಬಂದಿದ್ಯಾ ಅಂತ ಕಣ್ಣು ಕಿರಿದು ಮಾಡಿ ನೋಡಿ, ಬ್ಯಾಗಿನ ಹಿಡಿ ಕೊಕ್ಕೆಗೆ ಸಿಕ್ಕಿಸಿದ್ರು. ಬ್ಯಾಗ್ ಒಂದು ಸುತ್ತು ತಿರುಗಿ ನಿಲ್ತು. ಮುಳ್ಳು ಹನ್ನೊಂದರ ಹತ್ರ. ಅಮ್ಮ ರಾತ್ರಿ ನಾನು ಮಲಗಿದ ಮೇಲೆ ಕೈಯಾಡಿಸಿದ್ಲು ಅನ್ನೋದು ಅಲ್ಲೇ ಗೊತ್ತಾಯ್ತು.

ರೈಟ್ರು ಮಾತ್ರ ಪೂರ್ತಿ ಸೀರಿಯಸ್ಸು. ಕಿವಿ ಮೇಲಿನ ಪೆನ್ ತೆಗೆದು, "ಚೀಲದ ತೂಕ ಕಳೀಬೇಕಾ ಅಕ್ಕಾ?" ಅಂತ ಕೇಳಿದ್ರು.

ನಕ್ಕು ನಕ್ಕು ಸಾಕಾಯ್ತು, ಆದ್ರೆ ಯೋಚ್ನೆ ಮಾಡಿ ನೋಡಿ, ಅದಕ್ಕಿಂತ ಸರಿಯಾದ ಪ್ರಶ್ನೆ ಇನ್ನೊಂದಿಲ್ಲ. ಕಾಫಿ ತೂಗೋವಾಗ ಚೀಲದ ತೂಕ ಕಳೀತಾರೆ, ವಿಮಾನದವರು ಕಳೆಯಲ್ಲ. ಚಕ್ರ ಇರೋ ಟ್ರಾಲಿ ಬ್ಯಾಗ್ ಖಾಲಿ ಇದ್ದಾಗ್ಲೇ ಎರಡೂವರೆ ಮೂರು ಕೆಜಿ ತೂಗತ್ತೆ, ಅಂದ್ರೆ ಒಳಗೆ ಒಂದು ಕರ್ಚೀಫ್ ಇಡೋಕೆ ಮುಂಚೆನೇ ಮೂರರಲ್ಲೊಂದು ಪಾಲಿಗಿಂತ ಜಾಸ್ತಿ ಕೋಟಾ ಖಲಾಸ್. ಬೆಟ್ಟ ಹತ್ತೋರ ದೊಡ್ಡ ಬೆನ್ನುಚೀಲ, ಲೋಹದ ಪಟ್ಟಿ, ಸೊಂಟದ ಬೆಲ್ಟ್ ಎಲ್ಲಾ ಇರೋದು, ಅದೂ ಎರಡು ಕೆಜಿ ದಾಟತ್ತೆ. ನಂದು 40 ಲೀಟರಿಂದು, ಬರೀ ಬಟ್ಟೆ ಮತ್ತೆ ಜಿಪ್ಪು, ಒಂದು ಕೆಜಿಗೆ ಸ್ವಲ್ಪ ಮೇಲೆ. ಮೊದಲ ಸಲ ಹೋಗೋರು ಯಾರಾದ್ರೂ ಕೇಳಿದ್ರೆ ನಾನು ಹೇಳೋದು ಇದೊಂದನ್ನೇ, ಬ್ಯಾಗ್ ತಗೊಳ್ಳೋವಾಗ ಎಷ್ಟು ಜೇಬಿದೆ ಅಂತ ಎಣಿಸಬೇಡಿ, ಖಾಲಿ ಬ್ಯಾಗನ್ನ ಒಂದ್ಸಲ ತಕ್ಕಡಿಗೆ ಹಾಕಿ.

ಆಮೇಲೆ ಗೋಡೌನ್ ಕಟ್ಟೆ ಮೇಲೇ ಬ್ಯಾಗ್ ಬಿಚ್ಚಿದ್ವಿ. ಬಂದಿದ್ದ ಅರಸೀಕೆರೆ ದೊಡ್ಡಮ್ಮನ ಉಡುಗೊರೆ ಮೊದಲು ಹೊರಗೆ ಬಂತು, ಎರಡು ಕೊಬ್ಬರಿ ಗಿಟುಕು. ದೊಡ್ಡಮ್ಮನಿಗೆ ಬೇಜಾರಾಯ್ತು, ಆದ್ರೆ ಏನ್ಮಾಡೋದು, ಎಣ್ಣೆ ಅಂಶ ಜಾಸ್ತಿ ಇರೋ ಒಣ ಕೊಬ್ಬರಿನ ತಾನೇ ಬಿಸಿಯಾಗಿ ಹೊತ್ಕೊಳ್ಳಬಹುದಾದ ವಸ್ತು ಅಂತ ವಿಮಾನದಲ್ಲಿ ಬಿಡಲ್ಲ. "ದಿನಾ ತಲೆಗೆ ಎಣ್ಣೆ ಹಚ್ಕೊಂಡು ಹೋಗೋರನ್ನ ಬಿಡ್ತಾರಾ?" ಅಂತ ಕೇಳಿದ್ರು, ನನ್ನ ಹತ್ರ ಉತ್ತರ ಇರ್ಲಿಲ್ಲ. ಮಿಡಿ ಉಪ್ಪಿನಕಾಯಿ ಡಬ್ಬಿನೂ ಹೋಯ್ತು, ರಸ ಇರೋದ್ರಿಂದ ಕ್ಯಾಬಿನ್ನಿಗೆ ಆಗಲ್ಲ. ಸ್ವೆಟರ್ ಹೋಯ್ತು. ಶಾಂಪೂ ಬಾಟ್ಲಿ ಬದಲು ಒಂದು ರೂಪಾಯಿ ಸ್ಯಾಶೆಗಳು, ಕೈಬ್ಯಾಗಲ್ಲಿ ದ್ರವಕ್ಕಿರೋ 100 ಮಿಲಿ ಮಿತಿಗಿಂತ ಅವು ಎಷ್ಟೋ ಚಿಕ್ಕವು, ಬಟ್ಟೆ ಒಗೆಯೋಕೆ ಬಾರ್ ಸೋಪಿನ ಒಂದು ತುಂಡನ್ನ ದಾರದಲ್ಲಿ ಕತ್ತರಿಸಿ ಇಟ್ಕೊಂಡೆ. 20,000 ಎಂಎಎಚ್ ಪವರ್ ಬ್ಯಾಂಕ್ ಬಿಟ್ಟು ತಮ್ಮನ 10,000ದ್ದು ತಗೊಂಡೆ. ದೊಡ್ಡದಕ್ಕೂ ತಕರಾರಿಲ್ಲ, 100 ವ್ಯಾಟ್ ಅವರ್ ಒಳಗೇ ಬರತ್ತೆ, ಆದ್ರೆ ತೂಕ ಡಬಲ್. ಪವರ್ ಬ್ಯಾಂಕ್ ಯಾವತ್ತೂ ಕೈಬ್ಯಾಗಲ್ಲೇ ಇರ್ಬೇಕು, ಚೆಕ್-ಇನ್ ಬ್ಯಾಗಿಗೆ ಹಾಕಂಗಿಲ್ಲ, ನಮಗೆ ಆ ಪ್ರಶ್ನೆನೇ ಇರ್ಲಿಲ್ಲ ಬಿಡಿ. ಪ್ಯಾಡ್ ಒಂದು ತಿಂಗಳಿಗಾಗೋಷ್ಟು ಅಮ್ಮ ತುರುಕಿದ್ಲು, ಗೆಳತಿ ಫೋನಲ್ಲೇ "ಅಲ್ಲಿ ಹೆಂಗಸ್ರು ಇಲ್ವಾ ಮಾರಾಯ್ತಿ" ಅಂದ್ಲು, ಮೊದಲೆರಡು ದಿನಕ್ಕಾಗೋಷ್ಟು ಉಳೀತು. ಇ-ವೀಸಾ ಪ್ರಿಂಟ್, ಪಾಸ್‌ಪೋರ್ಟ್ ಜೆರಾಕ್ಸ್, ಇನ್ಶೂರೆನ್ಸ್ ಕಾಗದ ಒಂದು ಪ್ಲಾಸ್ಟಿಕ್ ಕವರಲ್ಲಿ, ಇದ್ರಲ್ಲಿ ಮಾತ್ರ ಜಿಪುಣತನ ಮಾಡ್ಲಿಲ್ಲ, ಎರಡೆರಡು ಪ್ರತಿ.

ಕೊನೆಗೆ ಉಳಿದಿದ್ದು ಅರ್ಧ ಕೆಜಿ ಕಾಫಿ ಪುಡಿ. ಇದಕ್ಕೆ ಅಮ್ಮ ಬಗ್ಗೋ ಹಂಗೇ ಕಾಣ್ಲಿಲ್ಲ. ಆಗ ಅಪ್ಪ ಗಂಟಲು ಸರಿ ಮಾಡ್ಕೊಂಡ್ರು, "ಅಲ್ವೇ, ಕಾಫಿ ಬೆಳೆಯೋದ್ರಲ್ಲಿ ಬ್ರೆಜಿಲ್ ಬಿಟ್ರೆ ಅವ್ರೇ ಪ್ರಪಂಚಕ್ಕೆ ಎರಡನೇದು, ಅವ್ರ ಊರಿಗೆ ಪುಡಿ ಕಳಿಸ್ತೀಯಾ?" ಅಂದ್ರು. ನಮ್ಮ ಕಡೆ ತೋಟದವರಿಗೆ ವಿಯೆಟ್ನಾಂ ಅಂದ್ರೆ ಯುದ್ಧ ಅಲ್ಲ, ರೊಬಸ್ಟಾ ಕಾಫಿ. ಅಲ್ಲಿ ಮಳೆ ಕೈಕೊಟ್ರೆ ಇಲ್ಲಿ ರೇಟ್ ಏರತ್ತೆ, 2024ರಲ್ಲಿ ರೊಬಸ್ಟಾ ದಾಖಲೆ ರೇಟಿಗೆ ಹೋಗಿದ್ದಕ್ಕೆ ಅಲ್ಲಿನ ಬರಗಾಲನೂ ಒಂದು ಕಾರಣ. ಅಮ್ಮ ಪುಡಿ ತೆಗೆದ್ಲು, ಬದಲಿಗೆ ಒಂದು ಪೊಟ್ಟಣ ಚಟ್ನಿಪುಡಿ ಇಟ್ಲು, ನಾನೂ ಸುಮ್ನಾದೆ, ಎಲ್ಲಾ ಕಡೆ ಗೆಲ್ಲಕ್ಕೆ ಹೋಗ್ಬಾರ್ದು. ಮತ್ತೆ ಕೊಕ್ಕೆಗೆ ಹಾಕಿದ್ರು ರೈಟ್ರು. ಆರೂವರೆ. "ಇನ್ನೂ ಅರ್ಧ ಕೆಜಿ ಜಾಗ ಇದೆ" ಅಂತ ಅಮ್ಮ ಬಾಯಿ ತೆಗೆಯೋದ್ರೊಳಗೆ ನಾನು ಬ್ಯಾಗ್ ಇಳಿಸ್ಕೊಂಡು ಒಳಗೆ ಬಂದುಬಿಟ್ಟೆ.

ಬೆಂಗಳೂರು ಏರ್‌ಪೋರ್ಟಲ್ಲಿ ಬ್ಯಾಗ್ ತೂಗಿದ್ರು, ಟ್ಯಾಗ್ ಕಟ್ಟಿದ್ರು, ಮುಗೀತು. ಪಕ್ಕದ ಲೈನಲ್ಲಿ ಒಂದು ಕುಟುಂಬ ನೆಲದ ಮೇಲೆ ಸೂಟ್‌ಕೇಸ್ ಬಿಚ್ಚಿ ಸೀರೆ ಹಂಚ್ಕೊಳ್ತಾ ಇತ್ತು, ಹೆಚ್ಚೇನೂ ಹೇಳಲ್ಲ.

ಹಗುರ ಬ್ಯಾಗಿನ ಬೆಲೆ ಗೊತ್ತಾಗಿದ್ದು ಹನೋಯಲ್ಲಿ. ಏರ್‌ಪೋರ್ಟಿಂದ 86 ನಂಬರ್ ಬಸ್ಸಲ್ಲಿ ಹಳೇ ಪೇಟೆಗೆ ಬಂದ್ವಿ, ಅಲ್ಲಿ ಮನೆಗಳು ಮುಂದೆ ಕಿರಿದು ಹಿಂದಕ್ಕೆ ಉದ್ದ, ಒಂದರ ಮೇಲೊಂದು ಮಹಡಿ, ನಮ್ಮ ಹಾಸ್ಟೆಲ್ ಅಂತದ್ದೇ ಮನೆ, ಲಿಫ್ಟ್ ಇಲ್ಲ, ನಮ್ಮ ರೂಮು ಮೇಲಿನ ಮಹಡಿ. ಒಬ್ಬ ಹುಡುಗ ದೊಡ್ಡ ಟ್ರಾಲಿ ತಲೆ ಮೇಲೆ ಹೊತ್ಕೊಂಡು ಗೋಡೆಗೆ ಉಜ್ಜಿ ಉಜ್ಜಿ ಏರ್ತಿದ್ದ, ಅವ್ನು ದಾರಿ ಬಿಡೋವರೆಗೂ ನಾವು ಕಾಯ್ತಾ ಹಿಂದೆ ಹಿಂದೆ ಹೋದ್ವಿ. ಇನ್ನೊಂದು, ಗ್ರಾಬ್ ಆಪಲ್ಲಿ ಬೈಕ್ ಬುಕ್ ಮಾಡಿದ್ರೆ ಕಾರಿಗಿಂತ ಎಷ್ಟೋ ಅಗ್ಗ, ಆದ್ರೆ ಬೈಕಿನ ಹಿಂದೆ ಬೆನ್ನುಚೀಲ ಹಾಕ್ಕೊಂಡು ಕೂರೋಕಾಗೋರಿಗೆ ಮಾತ್ರ ಅದು. ಸಾವಿರಾರು ಬೈಕ್ ಮಧ್ಯೆ ಹಂಗೆ ನುಗ್ಗಿ ಹೋಗೋವಾಗ ಭಯ ಆಗತ್ತೆ, ಆಮೇಲೆ ಅಭ್ಯಾಸ ಆಗತ್ತೆ. ಡಾ ನಾಂಗ್ ರೈಲಲ್ಲಿ ಸ್ಲೀಪರ್, ಸುಮಾರು 16 ಗಂಟೆ ಮೇಲೇ, ಬ್ಯಾಗನ್ನ ಕಾಲ ಬುಡದಲ್ಲೇ ಇಟ್ಕೊಂಡು ಮಲಗಿದ್ವಿ.

ಒಗೆದು ಒಣಗಿಸೋದು ಮನೇಲಿ ನಡೆದಂಗೇ ನಡೀತು, ಟವಲ್ ಸುತ್ತಿ ತಿರುಚೋದನ್ನ ನೋಡಿ ಪಕ್ಕದ ಮಂಚದ ಸ್ಪೇನ್ ಹುಡುಗಿನೂ ಒಂದು ತುದಿ ಹಿಡಿದ್ಲು. ಹೋಯ್ ಆನಲ್ಲಿ ಆಗ ಒಳ್ಳೆ ಬಿಸಿಲು, ಮಧ್ಯಾಹ್ನ ಒಗೆದಿದ್ದು ಸಾಯಂಕಾಲಕ್ಕೆ ಮುಗೀತಿತ್ತು. ಸೋಮಾರಿತನ ಬಂದ ದಿನಕ್ಕೆ ಬೀದಿ ಬೀದಿಲಿ ಕೆಜಿ ಲೆಕ್ಕದಲ್ಲಿ ಬಟ್ಟೆ ಒಗೆದುಕೊಡೋರು ಇದಾರೆ, ನಮ್ಮಿಬ್ಬರ ಬಟ್ಟೆ ಸೇರಿಸಿ ತೂಗಿದ್ರೂ ಅವ್ರ ತಕ್ಕಡಿ ಎರಡು ಕೆಜಿ ತೋರಿಸ್ಲಿಲ್ಲ.

ಊಟದ ವಿಷ್ಯಕ್ಕೆ ಅಮ್ಮನ ಚಟ್ನಿಪುಡಿ ಬೇಕಾಯ್ತು, ಬಿಸಿ ಅನ್ನ ಎಲ್ಲಾ ಕಡೆ ಸಿಗತ್ತೆ, ನಾವು ಮೀನು ಮಾಂಸ ತಿನ್ನಲ್ಲ, ಅವ್ರ ಮೀನಿನ ಸಾಸ್ ಎಲ್ಲಿ ಸೇರಿರತ್ತೆ ಹೇಳಕ್ಕಾಗಲ್ಲ. ಆಮೇಲೆ ಬೌದ್ಧರ ಸಸ್ಯಾಹಾರಿ ಅಂಗಡಿಗಳನ್ನ ಹುಡುಕೋದು ರೂಢಿ ಆಯ್ತು, ತೋಫು, ಅಣಬೆ, ಬಾಳೆ ಹೂವಿನ ಪಲ್ಯದ ತರ ಒಂದು, ಭಾರಿ ಚೆನ್ನಾಗಿತ್ತು.

ಚಟ್ನಿಪುಡಿ ಖಾಲಿಯಾದ ಜಾಗಕ್ಕೆ ಅಲ್ಲಿನ ಕಾಫಿ ಪುಡಿ ತುಂಬಿಸ್ಕೊಂಡು ಬಂದೆ, ಜೊತೆಗೆ ಲೋಟದ ಮೇಲೆ ಕೂರಿಸೋ ಪುಟಾಣಿ ಅಲ್ಯೂಮಿನಿಯಂ ಫಿಲ್ಟರ್, ತೂಕನೇ ಇಲ್ಲ ಅದಕ್ಕೆ. ಅಪ್ಪ ಹನಿ ಹನಿ ಇಳಿಯೋದನ್ನ ಕಾದು ಕೂತು ಒಂದು ಗುಟುಕು ಕುಡಿದ್ರು. "ಬೆಣ್ಣೆ ಹಾಕಿ ಹುರಿದವ್ರೆ" ಅಂದ್ರು, ಅದು ನಿಜಾನೇ, ಅಲ್ಲಿ ಹಂಗೆ ಹುರಿಯೋ ಪದ್ಧತಿ ಇದೆ. ಲೋಟ ಪೂರ್ತಿ ಮಾಡ್ಲಿಲ್ಲ. ಉಳಿದ ಪುಡಿನ ಅಮ್ಮ ನಮ್ಮ ಪುಡಿ ಜೊತೆ ಬೆರೆಸಿ, ಗೌರಿ ಹಬ್ಬಕ್ಕೆ ಬಂದ ನೆಂಟರಿಗೆಲ್ಲ ಕಾಯಿಸಿ ಕೊಟ್ಟು ಖಾಲಿ ಮಾಡಿದ್ಲು, ಯಾರೂ ಏನೂ ಕೇಳ್ಲಿಲ್ಲ, ದೊಡ್ಡಮ್ಮ ಮಾತ್ರ ಇನ್ನೊಂದು ಲೋಟ ಇದ್ಯಾ ಅಂದ್ರು.